ಅಗ್ಗಕ್ಕೆ ಸಿಗುವ ದುಬಾರಿ ಕಾರು: ಹಳೆಯ ಲಕ್ಷುರಿ ವ್ಯಾಗನ್‌ನಲ್ಲಿ ಏನು ಕೆಡುತ್ತದೆ, ಎಷ್ಟು ಖರ್ಚಾಗುತ್ತದೆ

2017ರ ಜುಲೈನಲ್ಲಿ ವೋಲ್ವೊ ಕಂಪನಿ ವಿ90 ಕ್ರಾಸ್ ಕಂಟ್ರಿ ಕಾರನ್ನು ಭಾರತಕ್ಕೆ ತಂದಾಗ ಅದರ ಎಕ್ಸ್ ಶೋರೂಮ್ ಬೆಲೆ 60 ಲಕ್ಷ ರೂಪಾಯಿ. ಮರುವರ್ಷ ಮರ್ಸಿಡಿಸ್ ತನ್ನ ಇ-ಕ್ಲಾಸ್ ಆಲ್ ಟೆರೇನ್ ಅನ್ನು 75 ಲಕ್ಷಕ್ಕೆ ಬಿಟ್ಟಿತು. ಎರಡೂ ವ್ಯಾಗನ್‌ಗಳು. ಅಂದರೆ ಸೆಡಾನ್ ಕಾರಿನ ಛಾವಣಿಯನ್ನು ಡಿಕ್ಕಿಯ ಕೊನೆತನಕ ಎಳೆದು, ಹಿಂದೆ ದೊಡ್ಡ ಬಾಗಿಲು ಇಟ್ಟ ಕಾರು. ಇವತ್ತು ಹಳೆಯ ವಿ90 ಹೆಚ್ಚೂಕಡಿಮೆ ಹೊಸ ಇನ್ನೋವಾದ ಬೆಲೆಗೆ ಸಿಗುತ್ತದೆ. ಮರ್ಸಿಡಿಸ್ ಅದಕ್ಕಿಂತ ಮೇಲೆ, ಆದರೂ ಹೊಸದರ ಬೆಲೆಗೆ ಹೋಲಿಸಿದರೆ ಬಹಳ ಇಳಿದಿದೆ.

ದಾವಣಗೆರೆಯವರಿಗೆ ಇಂಥ ಕಾರಿನ ಮೇಲೆ ಮನಸ್ಸಾಗುವುದು ಸಹಜವೇ. ಬೆಂಗಳೂರು ಸುಮಾರು 260 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರ ದಾರಿ. ವ್ಯಾಗನ್ ನೆಲಕ್ಕೆ ಅಂಟಿಕೊಂಡು ಓಡುತ್ತದೆ, ಎಸ್‌ಯುವಿಯ ಹಾಗೆ ತೊನೆಯುವುದಿಲ್ಲ. ವಯಸ್ಸಾದ ಅಪ್ಪ-ಅಮ್ಮ ಕಾಲೆತ್ತಿ ಹತ್ತಬೇಕಿಲ್ಲ, ಮದುವೆಯ ಸಾಮಾನು ಹಿಂದೆ ಆರಾಮಾಗಿ ಹಿಡಿಸುತ್ತದೆ. ಕಾರು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಲೆಕ್ಕ ತಪ್ಪುವುದು ಕೊಂಡ ಮೇಲೆ.

ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇಪ್ಪತ್ತು ಲಕ್ಷಕ್ಕೆ ಕೊಂಡ ಕಾರಿಗೂ ಶೋರೂಮಿನವರು ಕೊಡುವುದು ಅರವತ್ತು ಲಕ್ಷದ ಕಾರಿನ ಹೆಡ್‌ಲೈಟನ್ನೇ. ಕೊಳ್ಳುವವರು ಮಾತ್ರ ತಮ್ಮ ಖರ್ಚನ್ನು ಕೊಟ್ಟ ಬೆಲೆಗೆ ಹೋಲಿಸಿಯೇ ಅಂದಾಜು ಮಾಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ಒಂದಿಷ್ಟು ಸಮಾಧಾನ. ಆದರೆ ಒಂದು ಲಕ್ಷದ ಭಾಗ ತೊಂಬತ್ತೆರಡು ಸಾವಿರ ಆಯಿತು ಅಂದರೆ ಅದು ಅಗ್ಗವಾಯಿತು ಎಂದಲ್ಲ.

ಎರಡನೆಯ ವಿಚಾರ ಇದಕ್ಕಿಂತ ಮುಖ್ಯ. ಇಂಥ ಕಾರುಗಳಲ್ಲಿ ಎಂಜಿನ್ ತಾನಾಗಿ ಕೆಡುವುದು ಅಪರೂಪ. ಕೆಡುವುದು ರಬ್ಬರು, ಪ್ಲಾಸ್ಟಿಕ್ಕು, ಹಳೆಯ ಆಯಿಲ್ಲು ಮತ್ತು ವೈರು. ಇವೆಲ್ಲ ಸಣ್ಣವು. ಆ ಸಣ್ಣದು ಕೆಟ್ಟಾಗ ಸುಮ್ಮನಿದ್ದರೆ ಅದು ಪಕ್ಕದ ದೊಡ್ಡದನ್ನು ತಿನ್ನುತ್ತದೆ. ಹಾಗಾಗಿ ಏನು ಕೆಡುತ್ತದೆ ಎನ್ನುವುದರ ಜೊತೆಗೆ ಯಾವುದು ಯಾವುದನ್ನು ಕೆಡಿಸುತ್ತದೆ ಎನ್ನುವುದನ್ನೂ ತಿಳಿದುಕೊಳ್ಳಬೇಕು. ಲಕ್ಷಗಟ್ಟಲೆ ಬಿಲ್ಲಿನ ಹಿಂದೆ ಹುಡುಕಿದರೆ ಬಹುಪಾಲು ಸಲ ಕೆಲವು ಸಾವಿರದ ಒಂದು ಭಾಗ ಸಿಗುತ್ತದೆ.

‘ಬರೀ 40 ಸಾವಿರ ಓಡಿದೆ ಸಾರ್, ಡಾಕ್ಟರ್ ಇಟ್ಟಿದ್ದ ಗಾಡಿ’ ಎಂಬ ಬ್ರೋಕರ್ ಮಾತಿಗೆ ಅತಿಯಾದ ಬೆಲೆ ಕೊಡಬೇಡಿ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ವರ್ಷ ಗೊತ್ತು, ಬಿಸಿಲು ಗೊತ್ತು. ಎಂಟು ವರ್ಷದಲ್ಲಿ 40 ಸಾವಿರ ಓಡಿದ ಕಾರಿಗಿಂತ, ವರ್ಷಕ್ಕೆ ಹದಿನೈದು ಸಾವಿರದ ಹಾಗೆ ಹೆದ್ದಾರಿಯಲ್ಲಿ ಓಡಿ, ಪ್ರತಿ ಸರ್ವಿಸಿನ ಬಿಲ್ಲು ಇಟ್ಟುಕೊಂಡಿರುವ ಕಾರನ್ನೇ ನಾನು ಆರಿಸಿಕೊಳ್ಳುತ್ತೇನೆ.

ಮುಂದೆ ಹೇಳುವ ಮೊತ್ತಗಳೆಲ್ಲ ಅಂದಾಜು. ಕಡಿಮೆ ಅಂಕಿ ಹೊರಗಿನ ನುರಿತ ಗ್ಯಾರೇಜಿನದು, ಹೆಚ್ಚಿನದು ಕಂಪನಿಯ ಸರ್ವಿಸ್ ಸೆಂಟರಿನದು ಎಂದುಕೊಳ್ಳಿ. ಮಾಡೆಲ್ಲು, ವರ್ಷ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

ಗಾಳಿಯ ಮೇಲೆ ನಿಂತ ಕಾರು

ಆಲ್ ಟೆರೇನ್‌ನ ನಾಲ್ಕೂ ಚಕ್ರಗಳಿಗೆ ಏರ್ ಸಸ್ಪೆನ್ಷನ್ ಇದೆ. ವಿ90ಯಲ್ಲಿ ಇದ್ದರೆ ಅದು ಹಿಂದಿನ ಎರಡು ಚಕ್ರಗಳಿಗೆ. ಉಕ್ಕಿನ ಸ್ಪ್ರಿಂಗ್ ಬದಲು ಇಲ್ಲಿ ದಪ್ಪ ರಬ್ಬರಿನ ಗಾಳಿಚೀಲ ಇರುತ್ತದೆ. ಒಂದು ಸಣ್ಣ ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತದೆ. ಯಾವ ಚೀಲಕ್ಕೆ ಎಷ್ಟು ಎಂದು ವಾಲ್ವ್ ಬ್ಲಾಕ್ ಹಂಚುತ್ತದೆ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಸೆನ್ಸರ್‌ಗಳು ಅಳೆದು ಹೇಳುತ್ತವೆ. ಹಿಂದೆ ಎಷ್ಟು ಭಾರ ಹೇರಿದರೂ ಕಾರು ಸಮನಾಗಿ ನಿಲ್ಲುವುದು ಇದರಿಂದ. ಡಿಕ್ಕಿ ತುಂಬಿಸುವುದಕ್ಕೆಂದೇ ಮಾಡಿದ ವ್ಯಾಗನ್‌ಗೆ ಇದು ಒಪ್ಪುವ ವ್ಯವಸ್ಥೆ.

ಗಾಳಿಚೀಲ ಮಡಚಿ ಬಿಚ್ಚಿ ಮಡಚಿ ಬಿಚ್ಚಿ, ಮಡಿಕೆಯ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಆರೇಳು ವರ್ಷದಿಂದ ಹತ್ತು ವರ್ಷದೊಳಗೆ ಇದು ಬರುವುದು ಸಾಮಾನ್ಯ. ಮಡಿಕೆಯೊಳಗೆ ಕೂತ ಧೂಳು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಚಿತ್ರದುರ್ಗದ ಗಣಿ ಕಡೆಯ ರಸ್ತೆಗಳಲ್ಲಿ, ಸುಗ್ಗಿಯಲ್ಲಿ ಮೆಕ್ಕೆಜೋಳ ಒಣಹಾಕಿದ ಹಳ್ಳಿ ರಸ್ತೆಗಳಲ್ಲಿ ಓಡಿದ ಕಾರಿಗೆ ಇದು ಇನ್ನೂ ಬೇಗ. ಮೊದಮೊದಲು ಸೋರಿಕೆ ಎಷ್ಟು ಕಡಿಮೆ ಎಂದರೆ ಕಾರು ಓಡುವಾಗ ಏನೂ ತಿಳಿಯುವುದಿಲ್ಲ. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ಒಂದು ಮೂಲೆ ಒಂದಿಷ್ಟು ಕುಸಿದಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಎದ್ದು ನಿಲ್ಲುತ್ತದೆ. ಮಾಲೀಕರು ಅದನ್ನು ಕಾರಿನ ಸ್ವಭಾವ ಎಂದುಕೊಂಡು ಬಿಡುತ್ತಾರೆ.

ಇಲ್ಲಿಂದ ಸರಪಳಿ ಶುರು. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಬೇಕು. ಅದನ್ನು ಮಾಡಿರುವುದು ಆಗಾಗ ಸ್ವಲ್ಪ ಹೊತ್ತು ಓಡಲಿ ಎಂದು. ಬಿಡುವಿಲ್ಲದೆ ಓಡಿದರೆ ಕಾಯುತ್ತದೆ, ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ. ಗಾಳಿಯ ತೇವ ಹೀರುವ ಒಣಪುಡಿಯ ಡಬ್ಬಿ ಒದ್ದೆಯಾಗಿ ಕೆಲಸ ನಿಲ್ಲಿಸುತ್ತದೆ, ಆ ತೇವ ವಾಲ್ವ್ ಬ್ಲಾಕಿಗೆ ಹೋಗಿ ತುಕ್ಕು ತರುತ್ತದೆ. ಕೊನೆಗೆ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡು ಕಂಪ್ರೆಸರ್ ಸುಟ್ಟುಹೋಗುತ್ತದೆ. ಒಂದು ಗಾಳಿಚೀಲಕ್ಕೆ 40 ಸಾವಿರದಿಂದ ಒಂದು ಲಕ್ಷ. ಅದನ್ನು ಸಕಾಲಕ್ಕೆ ಹಾಕಿಸದಿದ್ದರೆ ಕಂಪ್ರೆಸರಿಗೆ ಇನ್ನೊಂದು 60 ಸಾವಿರದಿಂದ 1.2 ಲಕ್ಷ. ಸುಟ್ಟ ಕಂಪ್ರೆಸರನ್ನು ಮಾತ್ರ ಬದಲಿಸಿ ಸೋರುವ ಚೀಲವನ್ನು ಹಾಗೇ ಬಿಟ್ಟರೆ ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ಈ ತಪ್ಪನ್ನು ಗ್ಯಾರೇಜಿನವರೇ ಮಾಡುವುದುಂಟು.

ಕೊಳ್ಳುವ ಮೊದಲು ಇದನ್ನು ಪತ್ತೆ ಮಾಡಲು ಒಂದು ಅಳತೆ ಟೇಪು ಸಾಕು. ಸಂಜೆ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿಗೆ ಅಳೆದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಅಳೆಯಿರಿ. ಒಂದು ಮೂಲೆ ಬೆರಳಗಲಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ. ಸೋಪುನೀರು ಹಚ್ಚಿದರೆ ಗುಳ್ಳೆ ಏಳುವ ಜಾಗವೂ ಸಿಗುತ್ತದೆ. ರಾತ್ರಿಯಿಡೀ ಕಾರು ಬಿಡಲು ಮಾರುವವರು ಒಪ್ಪದಿದ್ದರೆ ಕನಿಷ್ಠ ಮೂರು-ನಾಲ್ಕು ತಾಸಾದರೂ ನಿಲ್ಲಿಸಿ ನೋಡಿ.

ಗಾಳಿಚೀಲ ಬಿಟ್ಟರೆ ಉಳಿದ ಸಸ್ಪೆನ್ಷನ್ ಎಂದರೆ ಬುಷ್, ಆರ್ಮ್, ಲಿಂಕ್, ಬಾಲ್ ಜಾಯಿಂಟ್. ರಸ್ತೆ ಉಬ್ಬಿನ ಮೇಲೆ ಕಟಕಟ ಸದ್ದು ಬಂದರೆ ಇವೇ. ಈ ಕೆಲಸ ದಾವಣಗೆರೆಯಲ್ಲೇ ಚೆನ್ನಾಗಿ ಆಗುತ್ತದೆ, ಭಾಗಗಳು ಮಾತ್ರ ಒಳ್ಳೆಯವಿರಬೇಕು. ಮುಂದಿನ ಎರಡು ಆರ್ಮ್‌ಗೆ 25ರಿಂದ 50 ಸಾವಿರ, ನಾಲ್ಕೂ ಕಡೆ ಪೂರ್ತಿ ಮಾಡಿಸಿದರೆ ಒಂದೂವರೆಯಿಂದ ಎರಡೂವರೆ ಲಕ್ಷ.

ಡೀಸೆಲ್ ಎಂಜಿನ್ನಿಗೆ ಊರೊಳಗಿನ ಓಡಾಟ ಆಗಿಬರುವುದಿಲ್ಲ

ಈ ಎರಡೂ ಕಾರುಗಳ ಎಂಜಿನ್ ಎರಡು ಲೀಟರಿನ ಡೀಸೆಲ್. ವೋಲ್ವೊದ್ದು 235 ಅಶ್ವಶಕ್ತಿ, ಮರ್ಸಿಡಿಸ್‌ನ ಇ 220 ಡಿ ಎಂಜಿನ್ನಿನದು 194. ಎರಡೂ ಗಟ್ಟಿ ಎಂಜಿನ್ನುಗಳು. ಗೋಳು ಇರುವುದು ಹೊಗೆ ಹೋಗುವ ದಾರಿಯಲ್ಲಿ.

ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಇದೆ. ಹಿಟ್ಟಿನ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ ಹಿಟ್ಟು ಹಿಡಿದುಕೊಂಡು ಗಾಳಿಯನ್ನು ಬಿಡುವ ಹಾಗೆ, ಇದು ಮಸಿ ಹಿಡಿದುಕೊಂಡು ಹೊಗೆಯನ್ನು ಬಿಡುತ್ತದೆ. ತುಂಬಿದಾಗ ಖಾಲಿಯಾಗಬೇಕಲ್ಲ? ಕಂಪ್ಯೂಟರ್ ಒಂದಿಷ್ಟು ಹೆಚ್ಚು ಡೀಸೆಲ್ ಸುರಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಅಲ್ಲೇ ಸುಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಕಾರು ಬಿಸಿಯಾಗಿ, ಇಪ್ಪತ್ತು ನಿಮಿಷದ ಆಸುಪಾಸು ಒಂದೇ ವೇಗದಲ್ಲಿ ಓಡುತ್ತಿದ್ದರೆ ಇದು ಗೊತ್ತಿಲ್ಲದ ಹಾಗೆ ಮುಗಿದುಹೋಗುತ್ತದೆ.

ಈಗ ವಿದ್ಯಾನಗರದ ಮನೆಯಿಂದ ಮಂಡಿಪೇಟೆಯ ಅಂಗಡಿ, ಅಲ್ಲಿಂದ ಊಟಕ್ಕೆ ಮನೆ, ಸಂಜೆ ಮತ್ತೆ ಅಂಗಡಿ, ಇಷ್ಟೇ ಓಡಾಟ ಇರುವ ಕಾರನ್ನು ನೆನೆಸಿಕೊಳ್ಳಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಕೀ ತಿರುಗಿಸಿ ಇಳಿದಿರುತ್ತೀರಿ. ಸುಡುವ ಕೆಲಸ ಶುರುವಾಗಿ ನಡುವೆ ನಿಲ್ಲುತ್ತದೆ, ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಪ್ರತಿ ಸಲವೂ ಸುರಿಸಿದ ಹೆಚ್ಚುವರಿ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಖುಷಿಪಡಬೇಡಿ, ಅದು ಡೀಸೆಲ್ ಬೆರೆತ ಗುರುತು. ತೆಳ್ಳಗಾದ ಆಯಿಲ್‌ನಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಬೇರಿಂಗ್ ಸವೆಯುತ್ತದೆ. ಫಿಲ್ಟರ್ ಕಟ್ಟಿಕೊಂಡು ಹೊಗೆ ಹಿಂದಕ್ಕೆ ಒತ್ತುವುದರಿಂದ ಅದೇ ಟರ್ಬೊಗೆ ಇನ್ನಷ್ಟು ಹೊಡೆತ.

ಫಿಲ್ಟರ್ ತುಂಬಿದೆ ಎನ್ನುವ ಹಳದಿ ದೀಪ ಡ್ಯಾಶ್‌ಬೋರ್ಡಿನಲ್ಲಿ ಬಂದ ದಿನವೇ ಹರಿಹರ ದಾಟಿ ರಾಣೆಬೆನ್ನೂರಿನ ತನಕ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿ ಬಂದರೆ ಬಹಳ ಸಲ ಖರ್ಚಿಲ್ಲದೆ ಸರಿಹೋಗುತ್ತದೆ. ಆ ದೀಪವನ್ನು ಬಿಟ್ಟರೆ ಸ್ಕ್ಯಾನರ್ ಹಾಕಿ ಗ್ಯಾರೇಜಿನಲ್ಲಿ ಸುಡಿಸಲು 5ರಿಂದ 10 ಸಾವಿರ. ಅದನ್ನೂ ಬಿಟ್ಟರೆ ಫಿಲ್ಟರ್ ಬಿಚ್ಚಿ ತೊಳೆಸಲು 20ರಿಂದ 40 ಸಾವಿರ. ಹೊಸ ಫಿಲ್ಟರಿಗೆ ಎರಡರಿಂದ ನಾಲ್ಕು ಲಕ್ಷ, ಟರ್ಬೊ ಹೋದರೆ ಇನ್ನೂ ಒಂದೂವರೆಯಿಂದ ಮೂರು ಲಕ್ಷ. ಆ ಫಿಲ್ಟರನ್ನೇ ಒಡೆದು ತೆಗೆದು, ಸಾಫ್ಟ್‌ವೇರ್‌ನಲ್ಲಿ ಮುಚ್ಚಿಹಾಕಿ ಕೊಡುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಕುಡಿಯುವವರು ನಮ್ಮ ಬೀದಿಯ ಮಕ್ಕಳೇ. ಕೊಳ್ಳುವ ಕಾರಿನಲ್ಲಿ ಹೀಗೆ ಮಾಡಿದ್ದಾರೆಯೇ ಎಂದು ನೋಡಲು ಸೈಲೆನ್ಸರ್ ಕೊಳವೆಯ ಒಳಗೆ ಬೆರಳಾಡಿಸಿ. ಫಿಲ್ಟರ್ ಇರುವ ಕಾರಿನ ಕೊಳವೆಯಲ್ಲಿ ದಪ್ಪ ಕಪ್ಪು ಮಸಿ ಇರಬಾರದು.

ಎಂಜಿನ್ ಆಯಿಲ್ ವಿಷಯದಲ್ಲೂ ಇಷ್ಟೇ ಕಟ್ಟುನಿಟ್ಟು ಬೇಕು. ಮಸಿ ಸುಡುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ಅದಕ್ಕೇ ಇವುಗಳಿಗೆ ಬೂದಿ ಕಡಿಮೆ ಬರುವ ಆಯಿಲ್ ಹೇಳಿರುವುದು. ಮರ್ಸಿಡಿಸ್ ಡೀಸೆಲ್ ಕಾರಿನ ಆಯಿಲ್ ಡಬ್ಬಿಯ ಮೇಲೆ 229.51 ಅಥವಾ 229.52 ಎಂಬ ಅನುಮೋದನೆ ಸಂಖ್ಯೆಯಲ್ಲಿ ನಿಮ್ಮ ಕಾರಿನ ಪುಸ್ತಕ ಕೇಳುವುದು ಇರಬೇಕು. ಲಾರಿಗೆ ಹಾಕುವ ಆಯಿಲ್ ಎಷ್ಟೇ ಒಳ್ಳೆಯದಾದರೂ ಇದಕ್ಕೆ ಹಾಕಬಾರದು.

ಮರ್ಸಿಡಿಸ್‌ನಲ್ಲಿ ಇನ್ನೊಂದು ಟ್ಯಾಂಕ್ ಇದೆ, ಆಡ್‌ಬ್ಲೂ ಹಾಕುವುದು. ನೀರಿನಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ ಕರಗಿಸಿದ ದ್ರಾವಣ ಅದು. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳನ್ನು ನಿರಪಾಯ ಮಾಡುತ್ತದೆ. ನಮ್ಮದು ಗದ್ದೆ-ತೋಟದ ಸೀಮೆ, ಮನೆಯಲ್ಲೇ ಯೂರಿಯಾ ಮೂಟೆ ಇರುತ್ತದೆ, ಅದನ್ನೇ ಕರಗಿಸಿ ಹಾಕಿದರೇನು ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಗೊಬ್ಬರದ ಯೂರಿಯಾದಲ್ಲಿರುವ ಕಲ್ಮಶ ಪಂಪು, ಇಂಜೆಕ್ಟರ್, ಕ್ಯಾಟಲಿಸ್ಟ್ ಮೂರನ್ನೂ ಹಾಳು ಮಾಡುತ್ತದೆ. ಇದೇ ದಾರಿಯಲ್ಲಿ ಆ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಒಂದು ಕೆಟ್ಟರೂ 40ರಿಂದ 80 ಸಾವಿರ. ಈ ವ್ಯವಸ್ಥೆ ಕೆಟ್ಟಿದ್ದನ್ನು ಹಾಗೇ ಬಿಟ್ಟರೆ, ಇನ್ನಿಷ್ಟು ಕಿಲೋಮೀಟರ್ ಆದ ಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲ ಎಂದು ಡ್ಯಾಶ್‌ಬೋರ್ಡ್ ಎಣಿಸಲು ಶುರು ಮಾಡುತ್ತದೆ, ಹೇಳಿದ ಹಾಗೆ ನಡೆದುಕೊಳ್ಳುತ್ತದೆ ಕೂಡ.

ತಿಂಗಳಿಗೆ ಎರಡು ಸಲವಾದರೂ ಬೆಂಗಳೂರೋ ಹುಬ್ಬಳ್ಳಿಯೋ ಎಂದು ಹೋಗುವವರಿಗೆ ಈ ಡೀಸೆಲ್ ಕಾರು ಸರಿ. ಊರೊಳಗೇ ಓಡಾಡುವವರು ದಯವಿಟ್ಟು ಪೆಟ್ರೋಲ್ ಕಾರು ನೋಡಿ, ಬೆಲೆ ಎಷ್ಟೇ ಆಸೆ ಹುಟ್ಟಿಸಿದರೂ.

ಶಾಖ, ನೀರು, ಬೆಲ್ಟು

ಏಪ್ರಿಲ್-ಮೇ ತಿಂಗಳ ದಾವಣಗೆರೆಯ ಬಿಸಿಲಲ್ಲಿ ಎಸಿ ಹಾಕಿಕೊಂಡು ರೈಲ್ವೆ ಗೇಟಿನ ಮುಂದೆ ನಿಂತ ಕಾರಿನ ಬಾನೆಟ್ ಒಳಗೆ ಎಷ್ಟು ಸೆಕೆ ಇರಬಹುದು ಯೋಚಿಸಿ. ಯುರೋಪಿನ ಕಾರುಗಳಲ್ಲಿ ಥರ್ಮೋಸ್ಟಾಟ್ ಇರುವ ಮನೆ, ಕೂಲಂಟ್ ಟ್ಯಾಂಕು, ಕೆಲವು ಕೊಳವೆಗಳ ಜೋಡಣೆ ಎಲ್ಲ ಪ್ಲಾಸ್ಟಿಕ್. ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಅದು ಹಪ್ಪಳದಷ್ಟು ಪೆಡಸಾಗಿ ಒಂದು ದಿನ ಬಿರುಕು ಬಿಡುತ್ತದೆ. ಥರ್ಮೋಸ್ಟಾಟ್ ಬದಲಿಸಲು 12ರಿಂದ 30 ಸಾವಿರ, ವಾಟರ್ ಪಂಪಿಗೆ 25ರಿಂದ 60 ಸಾವಿರ. ಕೂಲಂಟ್ ಸೋರಿ ಸೂಜಿ ಕೆಂಪಿಗೆ ಹೋದ ಮೇಲೂ ‘ಹಿರಿಯೂರು ಇನ್ನೇನು ಬಂತು’ ಎಂದು ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಆಗಿನ ಬಿಲ್ಲು ಮೂರರಿಂದ ಆರು ಲಕ್ಷ. ಕೆಂಪು ದೀಪ ಬಂದರೆ ನಿಂತ ಜಾಗದಲ್ಲೇ ಎಂಜಿನ್ ಆಫ್ ಮಾಡಬೇಕು, ರಸ್ತೆ ಬದಿಗೆ ಹೋಗುವಷ್ಟು ಮಾತ್ರ ವಿನಾಯಿತಿ.

ಸಣ್ಣ ರಬ್ಬರಿಗೆ ದೊಡ್ಡ ಕೂಲಿ ಬೀಳುವ ಉದಾಹರಣೆ ಬೇಕಾದರೆ ಮರ್ಸಿಡಿಸ್‌ನ ಹಳೆಯ 3 ಲೀಟರ್ ವಿ6 ಡೀಸೆಲ್, ಓಎಂ642 ಎಂಜಿನ್ ನೋಡಿ. ಎಂಎಲ್, ಜಿಎಲ್ ಕಾರುಗಳಲ್ಲಿ ಬಂದದ್ದು ಇದೇ. ಅದರ ಆಯಿಲ್ ಕೂಲರ್ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕೂತಿದೆ. ಕೆಳಗಿನ ರಬ್ಬರ್ ಸೀಲ್ ಒಣಗಿ ಆಯಿಲ್ ಸೋರುತ್ತದೆ. ಸೀಲಿನ ಬೆಲೆ ಒಂದೆರಡು ಸಾವಿರದೊಳಗೆ. ಅಲ್ಲಿಗೆ ಕೈ ಹಾಕಲು ಟರ್ಬೊ, ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕಾದ್ದರಿಂದ ಕೆಲಸ ಮುಗಿಯುವಷ್ಟರಲ್ಲಿ 50 ಸಾವಿರದಿಂದ ಒಂದು ಲಕ್ಷ.

ವೋಲ್ವೊ ಎಂಜಿನ್ನಿನಲ್ಲಿ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಚೈನ್ ಇಲ್ಲ, ಅದರ ಬದಲು ಬೆಲ್ಟ್ ಇದೆ. ಅದಕ್ಕೆ ಕಿಲೋಮೀಟರಿನ ಮಿತಿಯ ಜೊತೆಗೆ ವರ್ಷದ ಮಿತಿಯೂ ಇದೆ. 2017ರ ಕಾರುಗಳಿಗೆ ಆ ಸಮಯ ಹತ್ತಿರವಾಗಿದೆ. ಬೆಲ್ಟ್ ಹರಿದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಿಸಲು 40ರಿಂದ 80 ಸಾವಿರ. ಹಾಕಿಸಿದ ಬಿಲ್ಲು ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ತಿಳಿದು ಅಷ್ಟು ಹಣವನ್ನು ಚೌಕಾಸಿಯಲ್ಲಿ ಕಡಿಮೆ ಮಾಡಿಸಿ.

ಗೇರ್ ಬಾಕ್ಸು ಮತ್ತು ನಾಲ್ಕೂ ಚಕ್ರದ ಎಳೆತ

ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ ಎಂದು ಅನೇಕ ಕಂಪನಿಗಳು ಹೇಳಿಕೊಂಡು ಬಂದಿವೆ. ಯಾರ ಜೀವನ ಎಂದು ಕೇಳಬೇಕು. ಬಿಎಂಡಬ್ಲ್ಯು ಮುಂತಾದವರಿಗೆ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್ಎಫ್ ಕಂಪನಿಯೇ ತನ್ನ 8 ಗೇರಿನ ಬಾಕ್ಸಿಗೆ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿನ ನಡುವೆ ಆಯಿಲ್ ಬದಲಿಸಿ ಎನ್ನುತ್ತದೆ. ವ್ಯಾಗನ್‌ಗೂ ಅದೇ ಲೆಕ್ಕ ಇಟ್ಟುಕೊಳ್ಳಿ. ಫಿಲ್ಟರ್ ಸಮೇತ 30ರಿಂದ 60 ಸಾವಿರ. ಮಾಡಿಸದೆ ಬಿಟ್ಟರೆ ಸವೆದ ಲೋಹದ ಪುಡಿ ಆಯಿಲ್ ಒತ್ತಡದಿಂದ ಗೇರ್ ಬದಲಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡು ಗೇರ್ ಬೀಳುವಾಗ ಜಗ್ಗುತ್ತದೆ. ಆಗ ಎರಡರಿಂದ ಮೂರೂವರೆ ಲಕ್ಷ, ಪೂರ್ತಿ ಬಿಚ್ಚಿ ಕಟ್ಟಬೇಕಾದರೆ ನಾಲ್ಕರಿಂದ ಏಳು. ಈ ದೋಷ ತಣ್ಣಗಿದ್ದಾಗ ಒಂದು ಥರ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಂದು ಥರ ಕಾಣಿಸುತ್ತದೆ. ಹಾಗಾಗಿ ಬ್ಲಾಕಿನ ಸುತ್ತ ಒಂದು ರೌಂಡ್ ಹೊಡೆದು ತೀರ್ಮಾನಿಸಬೇಡಿ. ಬೆಂಗಳೂರಿನಲ್ಲಿ ನೋಡುತ್ತಿದ್ದರೆ ತುಮಕೂರಿನ ತನಕ ಹೋಗಿ ಬನ್ನಿ.

ವೋಲ್ವೊದಲ್ಲಿ ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಕೆಲಸ ಹ್ಯಾಲ್ಡೆಕ್ಸ್ ಕ್ಲಚ್ಚಿನದು. ಅದರೊಳಗಿನ ಪುಟ್ಟ ಆಯಿಲ್ ಪಂಪಿನ ಬಾಯಿಗೆ ಒಂದು ಜರಡಿ ಇದೆ. ಕ್ಲಚ್ಚಿನ ಸವೆತದ ಪುಡಿ ಆ ಜರಡಿಗೆ ಕಟ್ಟಿಕೊಂಡು ಪಂಪು ಉಸಿರುಗಟ್ಟಿ ಸುಡುತ್ತದೆ. ಆಯಿಲ್ ಬದಲಿಸುವಾಗ ಪಂಪು ತೆಗೆದು ಜರಡಿ ತೊಳೆದರೆ 8ರಿಂದ 15 ಸಾವಿರ, ಪಂಪೇ ಹೋದರೆ 40ರಿಂದ 70. ಬರೀ ಆಯಿಲ್ ಬದಲಿಸಿ ಜರಡಿ ಮುಟ್ಟದಿರುವುದೇ ಹೆಚ್ಚು, ಆದ್ದರಿಂದ ಬಾಯಿಬಿಟ್ಟು ಹೇಳಿ ಮಾಡಿಸಿ. ಇನ್ನು, ನಾಲ್ಕೂ ಚಕ್ರ ಎಳೆಯುವ ಕಾರಿಗೆ ಎರಡೇ ಹೊಸ ಟೈರ್ ಹಾಕಿದರೆ ಹೊಸದರ ಸುತ್ತಳತೆ ಹೆಚ್ಚು, ಹಳೆಯದರದು ಕಡಿಮೆ. ಆ ವ್ಯತ್ಯಾಸ ಕ್ಲಚ್ಚಿನ ಮೇಲೆ ಬೀಳುತ್ತದೆ. ನಾಲ್ಕೂ ಒಟ್ಟಿಗೆ ಎಂದರೆ 70 ಸಾವಿರದಿಂದ 1.2 ಲಕ್ಷ.

ವೈರು, ಇಲಿ, ಮಳೆನೀರು

ಬ್ಯಾಟರಿ ಬಲ ಕುಂದಿದರೆ ಈ ಕಾರುಗಳು ಸಂಬಂಧವೇ ಇಲ್ಲದ ಹತ್ತು ದೋಷ ತೋರಿಸುತ್ತವೆ. ಬ್ರೇಕ್, ಏರ್‌ಬ್ಯಾಗ್, ಕ್ಯಾಮೆರಾ ಎಲ್ಲದರ ದೀಪ ಒಮ್ಮೆಲೇ ಹತ್ತಿದರೆ ಮೊದಲು ಬ್ಯಾಟರಿ ನೋಡಿಸಿ. ಎಜಿಎಂ ಬ್ಯಾಟರಿಗೆ 15ರಿಂದ 30 ಸಾವಿರ, ವೋಲ್ವೊದಲ್ಲಿ ಇದರ ಜೊತೆ ಇನ್ನೊಂದು ಸಣ್ಣ ಬ್ಯಾಟರಿಯೂ ಇದೆ.

ದಾವಣಗೆರೆಯಲ್ಲಿ ಇಲಿ ಕಾಟವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಗೋದಾಮು, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಹತ್ತಿರ ನಿಲ್ಲಿಸಿದ ಕಾರಿನ ಬಾನೆಟ್ ಒಳಗೆ ಅದಕ್ಕೆ ಬೆಚ್ಚನೆ ಜಾಗ. ಕಡಿದದ್ದು ಒಂದು ವೈರಾದರೆ ಬೆಸೆದು ಟೇಪು ಸುತ್ತಬಹುದು, ಎಂಜಿನ್ನಿನ ವೈರುಗಳ ಇಡೀ ಕಟ್ಟು, ಅಂದರೆ ಹಾರ್ನೆಸ್, ಬದಲಿಸಬೇಕೆಂದರೆ ಒಂದರಿಂದ ಮೂರು ಲಕ್ಷ. ವಾರಗಟ್ಟಲೆ ನಿಲ್ಲಿಸುವವರು ಎರಡು ದಿನಕ್ಕೊಮ್ಮೆ ಬಾನೆಟ್ ತೆಗೆದು ನೋಡಬೇಕು.

ಪನೋರಮಿಕ್ ಸನ್‌ರೂಫಿನ ನಾಲ್ಕು ಮೂಲೆಯಿಂದ ಮಳೆನೀರು ಇಳಿಯಲು ಸಣ್ಣ ಕೊಳವೆಗಳಿರುತ್ತವೆ. ಬೇವು, ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಹೂವು-ಎಲೆ ಕೂತು ಕಟ್ಟಿಕೊಳ್ಳುತ್ತವೆ, ನೀರು ಕಾರ್ಪೆಟ್ ಕೆಳಗೆ ಇಳಿದು ಅಲ್ಲಿರುವ ಕಂಟ್ರೋಲ್ ಡಬ್ಬಿಗಳನ್ನು ತೋಯಿಸುತ್ತದೆ. ಕೊಳವೆ ಊದಿಸಿ ಸ್ವಚ್ಛ ಮಾಡಲು ಸಾವಿರ-ಎರಡು ಸಾವಿರ. ತೋಯ್ದ ಒಂದೊಂದು ಡಬ್ಬಿಗೆ 50 ಸಾವಿರದಿಂದ ಒಂದೂವರೆ ಲಕ್ಷ.

ನೀರಿನ ಮಾತು ಬಂದಾಗ ಹೇಳಲೇಬೇಕು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ ಹಾಗೇ ಆಯಿತು. ಮುಳುಗಿದ ಕಾರು ಒಣಗಿಸಿ ಪಾಲಿಶ್ ಮಾಡಿದರೆ ಹೊಳೆಯುತ್ತದೆ. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಇದೆಯೇ ನೋಡಿ, ಡಿಕ್ಕಿಯ ನೆಲ ಎತ್ತಿ ಮೂಸಿ. ಗುರುತು ಸಿಕ್ಕರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ, ಎದ್ದು ಬನ್ನಿ.

ವ್ಯಾಗನ್‌ಗೇ ಅಂಟಿದ ತೊಂದರೆ

ನಮ್ಮ ದೇಶದಲ್ಲಿ ವ್ಯಾಗನ್ ಯಾವತ್ತೂ ಹೆಚ್ಚು ಮಾರಾಟವಾಗಿಲ್ಲ. 1992ರ ಟಾಟಾ ಎಸ್ಟೇಟ್‌ನಿಂದ ಇಂಡಿಗೊ ಮರೀನಾ ತನಕ ಅದೇ ಕಥೆ. ಆದರೂ ಎಂಜಿನ್, ಗೇರ್ ಬಾಕ್ಸ್, ಬ್ರೇಕಿಗೆ ಪರದಾಡಬೇಕಿಲ್ಲ. ವಿ90ಯ ಬಹುಪಾಲು ಯಾಂತ್ರಿಕ ಭಾಗಗಳು ಎಕ್ಸ್‌ಸಿ90, ಎಕ್ಸ್‌ಸಿ60, ಎಸ್90 ಕಾರುಗಳ ಬಳಗದವೇ, ಆಲ್ ಟೆರೇನ್‌ನವು ಇ-ಕ್ಲಾಸಿನವು. ಪೇಚಾಟ ಹಿಂಭಾಗದ್ದು. ಹಿಂಬಾಗಿಲು, ಅದರ ಗಾಜು, ಹಿಂದಿನ ಪಕ್ಕದ ಗಾಜು, ಟೇಲ್ ಲ್ಯಾಂಪ್, ಬಂಪರ್ ಎಲ್ಲ ವ್ಯಾಗನ್‌ಗೇ ಬೇರೆ. ಆರ್ಡರ್ ಕೊಟ್ಟು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಹಿಂದಿನಿಂದ ಗುದ್ದಿಸಿಕೊಂಡ ವ್ಯಾಗನ್ ಎಷ್ಟೇ ಚೆನ್ನಾಗಿ ರಿಪೇರಿಯಾಗಿದ್ದರೂ ನಾನಾದರೆ ಬಿಡುತ್ತೇನೆ.

ಯಾರ ಕೈಗೆ ಕೊಡುವುದು

ದಾವಣಗೆರೆ ಲಾರಿಗಳ ಊರು. ಪಿ.ಬಿ. ರಸ್ತೆಯ ಉದ್ದಕ್ಕೂ ಕಿವಿಯಲ್ಲೇ ಎಂಜಿನ್ ದೋಷ ಹೇಳುವ ಮೇಸ್ತ್ರಿಗಳಿದ್ದಾರೆ. ಸಸ್ಪೆನ್ಷನ್, ಬ್ರೇಕ್, ಎಸಿ, ರೇಡಿಯೇಟರ್ ಕೆಲಸಕ್ಕೆ ಅವರನ್ನು ಬಿಟ್ಟು ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಆದರೆ ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ಸಂಕೇತವನ್ನು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು, ಕಂಟ್ರೋಲ್ ಡಬ್ಬಿ ಬದಲಿಸಿದರೆ ಕಂಪನಿಯ ಸರ್ವರ್‌ನಿಂದ ಸಾಫ್ಟ್‌ವೇರ್ ಇಳಿಸಬೇಕು. ಅದಕ್ಕೆ ಮರ್ಸಿಡಿಸ್‌ಗೆ ಝೆಂಟ್ರಿ, ವೋಲ್ವೊಗೆ ವಿಡಾ ಎಂಬ ಸ್ವಂತ ಉಪಕರಣಗಳಿವೆ. ಎಲ್ಲ ಕಾರಿಗೂ ಆಗುವ ಸಾಮಾನ್ಯ ಸ್ಕ್ಯಾನರ್ ದೋಷದ ಸಂಖ್ಯೆ ಓದಿ ಹೇಳುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಬಹಳ ಜನ ಆ ಸಂಖ್ಯೆಯಲ್ಲಿ ಹೆಸರಿರುವ ಸೆನ್ಸರನ್ನೇ ಬದಲಿಸಿ, ದೋಷ ಉಳಿದಾಗ ಮುಂದಿನದನ್ನು ಬದಲಿಸಿ ಹಣ ಕಳೆದುಕೊಳ್ಳುತ್ತಾರೆ. ಕೆಟ್ಟಿದೆ ಎಂದದ್ದನ್ನು ಅಳತೆ ಮಾಡಿ ತೋರಿಸುವ ಗ್ಯಾರೇಜನ್ನೇ ಹುಡುಕಿ.

ಭಾಗಗಳನ್ನು ಕಂಪನಿಯ ಡಬ್ಬಿಯಲ್ಲೇ ಕೊಳ್ಳಬೇಕೆಂದಿಲ್ಲ. ಲೆಮ್‌ಫೋರ್ಡರ್, ಸ್ಯಾಕ್ಸ್, ಮಾಹ್ಲೆ, ಹೆಲ್ಲಾ, ಬಾಷ್‌ನಂಥ ತಯಾರಕರು ಕಾರು ಕಂಪನಿಗಳಿಗೆ ಮಾಡಿಕೊಡುವ ಭಾಗಗಳನ್ನು ತಮ್ಮ ಹೆಸರಿನಲ್ಲೂ ಮಾರುತ್ತಾರೆ, ಬೆಲೆ ಗಣನೀಯವಾಗಿ ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಬಸ್ಸಿಗೆ ಹಾಕಿಸಿಕೊಳ್ಳಬಹುದು. ಹೆಸರಿಲ್ಲದ ಅಗ್ಗದ ಗಾಳಿಚೀಲ, ಅಗ್ಗದ ಸೆನ್ಸರ್ ಮಾತ್ರ ಬೇಡ, ಅದೇ ಕೆಲಸಕ್ಕೆ ಎರಡನೇ ಸಲ ಕೂಲಿ ಕೊಡಬೇಕಾಗುತ್ತದೆ.

ಕೊಳ್ಳುವ ಮೊದಲು ಆ ಬ್ರ್ಯಾಂಡ್ ಗೊತ್ತಿರುವ ಗ್ಯಾರೇಜಿನಲ್ಲಿ ಐದಾರು ಸಾವಿರ ಕೊಟ್ಟು ಲಿಫ್ಟಿನ ಮೇಲೆ ಎತ್ತಿಸಿ ನೋಡಿಸಿ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ಹೇಳಿಡಿ, ಬಾನೆಟ್ ಮುಟ್ಟಿ ಬಿಸಿ ಇದ್ದರೆ ಯಾಕೆ ಎಂದು ಕೇಳಿ.

ದುಡ್ಡಿನ ಲೆಕ್ಕಕ್ಕೆ ನನ್ನ ಸೂತ್ರ ಹೀಗಿದೆ. ಕಾರು ಹೊಸದಿದ್ದಾಗಿನ ಬೆಲೆಯ ಎರಡರಿಂದ ಮೂರು ಪರ್ಸೆಂಟ್ ಪ್ರತಿ ವರ್ಷ ತೆಗೆದಿಡಿ. 60 ಲಕ್ಷದ ವಿ90ಗೆ ಅದು 1.2ರಿಂದ 1.8 ಲಕ್ಷ. ಒಂದು ವರ್ಷ ಆಯಿಲ್ ಸರ್ವಿಸಿಗೆ 40 ಸಾವಿರದಲ್ಲಿ ಮುಗಿಯುತ್ತದೆ, ಮತ್ತೊಂದು ವರ್ಷ ಮೂರು ಲಕ್ಷ ಕೇಳುತ್ತದೆ. ಇದಲ್ಲದೆ ಕೊಂಡ ಮೊದಲ ವರ್ಷಕ್ಕೆ ಮೂರು ಲಕ್ಷ ಬೇರೆ ಇರಲಿ, ಹಿಂದಿನವರು ಮುಂದೂಡಿದ ಕೆಲಸವೆಲ್ಲ ಆಗಲೇ ಎದುರಾಗುವುದು. ಬ್ಯಾಂಕಿನಲ್ಲಿರುವ ಅಷ್ಟೂ ಹಣ ಕೊಟ್ಟು ಕಾರು ತಂದವರು ಮೊದಲ ದೀಪ ಹತ್ತಿದಾಗ ರಿಪೇರಿ ಮುಂದೂಡುತ್ತಾರೆ. ಮೇಲೆ ಹೇಳಿದ ಸರಪಳಿಗಳೆಲ್ಲ ಶುರುವಾಗುವುದು ಆ ಮುಂದೂಡುವ ದಿನವೇ.

ಕಾಗದ ಪತ್ರದಲ್ಲಿ ಎರಡು ಎಚ್ಚರಿಕೆ. ದೆಹಲಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ಹೇರಿದ್ದ ನಿರ್ಬಂಧದಿಂದ ಅಲ್ಲಿನ ಕಾರು ಬಹಳ ಅಗ್ಗ ಕಾಣಬಹುದು. ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಕೆಎ-17 ಸಂಖ್ಯೆ ಹಾಕಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕಾರಿನ ವಯಸ್ಸು ನೋಡಿ ರಿಯಾಯಿತಿ ಇದ್ದರೂ ಲೆಕ್ಕ ಹಿಡಿಯುವುದು ಹೊಸ ಕಾರಿನ ಬೆಲೆಯಿಂದಲೇ. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿಕೊಂಡು, ಸಾಗಣೆ ಖರ್ಚನ್ನೂ ಸೇರಿಸಿದ ಮೇಲೆ ಬೆಂಗಳೂರಿನ ಕಾರಿಗೆ ಹೋಲಿಸಿ.

ಇನ್ನೊಂದು ವಿಮೆ. ಹಳೆಯ ಕಾರಿಗೆ ಸವಕಳಿ ಕಳೆಯದೆ ಭಾಗದ ಪೂರ್ತಿ ಬೆಲೆ ಕೊಡುವ ಜೀರೊ ಡಿಪ್ರಿಸಿಯೇಷನ್ ವಿಮೆ ಸಿಗುವುದು ಕಷ್ಟ, ಸಿಗದಿದ್ದರೆ ಒಡೆದ ಹೆಡ್‌ಲೈಟು, ಬಂಪರಿನ ಬೆಲೆಯಲ್ಲಿ ದೊಡ್ಡ ಪಾಲು ನಿಮ್ಮದೇ. ಈ ದರ್ಜೆಯ ಒಂದು ಎಲ್‌ಇಡಿ ಹೆಡ್‌ಲೈಟಿಗೆ ಒಂದೂವರೆಯಿಂದ ಮೂರು ಲಕ್ಷ ಇದೆ. ರಸ್ತೆಯಲ್ಲಿ ಕೆಟ್ಟು ನಿಂತರೆ ಎತ್ತಿಕೊಂಡು ಹೋಗುವ ಸೌಲಭ್ಯಕ್ಕೂ ಕಿಲೋಮೀಟರಿನ ಮಿತಿ ಇರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಫ್ಲಾಟ್‌ಬೆಡ್ ಲಾರಿ ಬಾಡಿಗೆ ಹದಿನೈದು ಸಾವಿರದ ಆಸುಪಾಸು. ನಾಲ್ಕೂ ಚಕ್ರ ಎಳೆಯುವ ಕಾರನ್ನು ಎರಡು ಚಕ್ರ ಎತ್ತಿ ಎಳೆದೊಯ್ದರೆ ಆ ಹ್ಯಾಲ್ಡೆಕ್ಸಿಗೂ ಗೇರ್ ಬಾಕ್ಸಿಗೂ ಪೆಟ್ಟು ಬೀಳುತ್ತದೆ, ಆದ್ದರಿಂದ ಫ್ಲಾಟ್‌ಬೆಡ್ಡೇ ಬೇಕು ಎಂದು ಫೋನಿನಲ್ಲೇ ಖಚಿತವಾಗಿ ಹೇಳಿ.